ಊರಿಗೆಲ್ಲ ಜ್ವರ

ಪಂಚೆಯ ಅಂಚಿನ ಮೇಲೆ ಎರಡನೆಯ ಸಲ ಅಂಗೈ ಎಳೆಯುತ್ತಿದ್ದೆ. ಸುಕ್ಕು ಹೋಗಿರಲಿಲ್ಲ. ನೀರು ಹೆಚ್ಚು ಚಿಮುಕಿಸಿರಬೇಕು ಎಂದುಕೊಂಡು ಬಟ್ಟೆಯನ್ನು ಕೊಡವಿ ಮತ್ತೆ ಹಾಸಿ, ಈ ಸಲ ಮೈಭಾರವನ್ನೆಲ್ಲ ಕೈಗೆ ಬಿಟ್ಟು ಒತ್ತಿದೆ. ಆಗ ಅಂಚು ನೇರವಾಯಿತು. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದು, ಶೇಷಮ್ಮನ ಕೆಮ್ಮು, ಯಾರದೋ ಬಳೆಯ ಸದ್ದು ಕೇಳಿಸಿತು. ಹೆಂಗಸರು ಬಂದಿದ್ದರು. ಪಂಚೆಯನ್ನು ಅಲ್ಲಿಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲ ಒಳಗೆ ಹೋಗಿ ನಿಂತೆ.

ನಮ್ಮ ಊರಿನ ಇಸ್ತ್ರಿಮನೆಯಲ್ಲಿ ಕೆಂಡವಿಲ್ಲ, ಪೆಟ್ಟಿಗೆಯಿಲ್ಲ. ನಮ್ಮ ಅಂಗೈಗಳೇ ಎಲ್ಲ. ಕೆಲವು ಹೆಣ್ಣುಮಕ್ಕಳ ಕೈಗೆ ಹುಟ್ಟುವಾಗಲೇ ಕಾವು ಬಂದಿರುತ್ತದೆ. ಅಂಥವರು ಅಮ್ಮನ ಸೀರೆಯ ನೆರಿಗೆ ಹಿಡಿದು ನಡೆಯುವ ವಯಸ್ಸಿನಲ್ಲೇ ಆ ನೆರಿಗೆ ಗರಿಗರಿಯಾಗಿ ನಿಂತುಬಿಡುತ್ತದೆ; ನೋಡಿದವರು, ಇವಳಿಗೆ ಇಸ್ತ್ರಿಮನೆಯ ಋಣ ಇದೆ ಎನ್ನುತ್ತಾರೆ. ದೊಡ್ಡವರಾದ ಮೇಲೆ ಅವರು ಇಲ್ಲಿಗೇ ಬರುತ್ತಾರೆ. ಕಚೇರಿಗಳಲ್ಲಿ ಕೈ ಬೆಚ್ಚಗೆ ಮಾಡೋಕೆ ಯಾರಾದ್ರೂ ಬರ್ಬೇಕು, ನಮ್ಮದನ್ನ ದೇವರೇ ಮಾಡಿ ಕಳಿಸಿದಾನೆ ಎಂದು ಶೇಷಮ್ಮ ಹೊಸಬರ ಮುಂದೆಲ್ಲ ಹೇಳುತ್ತಾಳೆ. ಹೊಸಬರು ನಗುವವರೆಗೂ ಬಿಡುವುದಿಲ್ಲ.

ಆದರೆ ಜ್ವರವಿರುವ ಕೈ ಬಟ್ಟೆಯನ್ನು ಸುಡುತ್ತದೆ. ಹಿಂದೆ ಒಬ್ಬಳು ಮೈ ಬಿಸಿಯಿದ್ದಾಗಲೇ ಕೆಲಸಕ್ಕೆ ಕೂತು ಮದುಮಗಳ ಧಾರೆಸೀರೆಯ ಮೇಲೆ ಐದು ಬೆರಳ ಗುರುತು ಬಿಟ್ಟಳಂತೆ. ಅಂದಿನಿಂದ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಒಬ್ಬೊಬ್ಬರ ಕೆನ್ನೆ ಮುಟ್ಟಿ ನೋಡುವ ಪದ್ಧತಿ ಬಂತು. ಮುಟ್ಟಿ ನೋಡುವವಳನ್ನು ದೊಡ್ಡಕೈ ಎನ್ನುತ್ತಾರೆ. ಈಗ ನಾನು ದೊಡ್ಡಕೈ. ಯಾರಿಗಾದರೂ ಜ್ವರವಿದೆ ಎಂದು ನಾನು ಹೇಳಿದರೆ ಅವಳು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಬೇಕು, ಅವಳ ಪಾಲಿನ ಬಟ್ಟೆಗಂಟನ್ನು ಉಳಿದವರು ಹಂಚಿಕೊಳ್ಳಬೇಕು. ದೊಡ್ಡಕೈಯ ಮಾತಿಗೆ ಎದುರಾಡುವುದಿಲ್ಲ. ದೊಡ್ಡಕೈಯ ಕೆನ್ನೆಯನ್ನಾಗಲಿ ಕೈಯನ್ನಾಗಲಿ ಯಾರೂ ಮುಟ್ಟಿ ನೋಡುವುದೂ ಇಲ್ಲ.

ತುಂಗಾ ಮೊದಲು ಬಂದಳು. ಮದುವೆಯಾಗಿ ಇನ್ನೂ ಹೊಸತು. ಹಣೆಯ ಕುಂಕುಮ ಯಾವಾಗಲೂ ಒಂದಿಷ್ಟು ಓರೆ.

"ಇವತ್ತು ನಾನು ಚೆನ್ನಾಗಿದೀನಿ ಅಕ್ಕ" ಎನ್ನುತ್ತ ಕೆನ್ನೆ ಒಡ್ಡಿದಳು.

ಮುಟ್ಟಿದೆ. ಕಾದ ಹೆಂಚಿನ ಹಾಗಿತ್ತು.

"ಏನು ಚೆನ್ನಾಗಿರೋದು, ಸುಡ್ತಾ ಇದೀಯಲ್ಲೇ."

"ಹೌದಾ?" ಎಂದು ತನ್ನ ಕೆನ್ನೆಯನ್ನು ತಾನೇ ಒಮ್ಮೆ ಮುಟ್ಟಿಕೊಂಡಳು.

"ಮನೆಗೆ ಹೋಗಿ ಗಂಜಿ ಕುಡಿದು ಮಲಗು. ನಿನ್ನ ಗಂಟು ನಾನು ನೋಡ್ಕೋತೀನಿ."

ಅವಳು ಹಿಂದೆ ನಿಂತಿದ್ದ ಶೇಷಮ್ಮನ ಮುಖ ನೋಡಿದಳು. ಶೇಷಮ್ಮ ಮಾಡಿನ ಜಂತೆ ನೋಡುತ್ತಿದ್ದಳು. ತುಂಗಾ ಹೊರಟುಹೋದಳು. ಶೇಷಮ್ಮನ ಕೆನ್ನೆಯೂ ಬಿಸಿಯಾಗಿಯೇ ಇತ್ತು. ಆದರೆ ಅವಳನ್ನು ಹಿಂದಿನ ದಿನವಷ್ಟೇ ಕಳಿಸಿದ್ದೆ. ಇಬ್ಬರನ್ನೂ ಕಳಿಸಿದರೆ ಛತ್ರದ ಹಾಸುಗಳನ್ನು ಮುಗಿಸುವವರು ಯಾರು ಎಂದು, "ಸ್ವಲ್ಪ ಇದೆ, ರೇಷ್ಮೆ ಮುಟ್ಬೇಡ, ದಪ್ಪ ಬಟ್ಟೆ ಮಾಡು" ಎಂದೆ.

"ಹಿಂಗೇ ಆದ್ರೆ ಡಾಕ್ಟ್ರು ನಮ್ಮ ಜಗಲಿ ಮೇಲೇ ಅಂಗಡಿ ಇಟ್ಕೋಬಹುದು ಕಣೇ ವಾರಿಜ" ಎಂದು ಅವಳು ತನ್ನ ಜಾಗಕ್ಕೆ ಹೋದಳು.

ಆ ಮದುವೆಯ ಕಾಲದಲ್ಲಿ ಊರಿಗೇ ಏನೋ ಜ್ವರ ಬಡಿದಿದೆ ಎಂದು ನಾನು ನಂಬಿದ್ದೆ. ದಿನಾ ಯಾರಾದರೊಬ್ಬರ ಕೆನ್ನೆ ಸುಡುತ್ತಿತ್ತು. ಕಳಿಸುತ್ತಿದ್ದೆ. ಅವರ ಗಂಟುಗಳನ್ನು ಉಳಿದವರಿಗೆ ಹಂಚಲು ಮನಸ್ಸು ಬಾರದೆ ನನ್ನ ಹಲಗೆಯ ಪಕ್ಕಕ್ಕೇ ಎಳೆದುಕೊಳ್ಳುತ್ತಿದ್ದೆ. ಯಜಮಾನಿ ಅಮ್ಮಣ್ಣಿಯವರು ಮಧ್ಯಾಹ್ನ ಎಲೆಯಡಿಕೆ ಮೆಲ್ಲುತ್ತ ಬಂದು ಆ ರಾಶಿಯನ್ನು ನೋಡಿ, "ದೊಡ್ಡಕೈ ಅಂದ್ರೆ ನಮ್ಮ ವಾರಿಜಂದು. ಇವಳೊಬ್ಬಳಿದ್ರೆ ನನಗೆ ಹತ್ತು ಜನ ಇದ್ದ ಹಾಗೆ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು. ನನಗೆ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆ ಹಿತ ಅವರು ಬಾಗಿಲು ದಾಟುವವರೆಗೆ ಇರುತ್ತಿತ್ತು. ಆಮೇಲೆ ಮತ್ತೆ ರಾಶಿ.

ಆ ದಿನಗಳಲ್ಲಿ ನನಗೆ ಸಿಟ್ಟು ಬೇಗ ಬರುತ್ತಿತ್ತು. ಮನುಷ್ಯರ ಮೇಲಲ್ಲ, ಬಟ್ಟೆಗಳ ಮೇಲೆ. ಯಾರೋ ಉಟ್ಟು ಕುಣಿದು ಸುಕ್ಕು ಮಾಡಿಕೊಂಡ ಸೀರೆಯನ್ನು ಕಂಡರೆ ಅದರ ಒಡತಿಯನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಮೊದಲು ಹಾಗಿರಲಿಲ್ಲ. ಬಟ್ಟೆ ಬಿಚ್ಚಿದಾಗ ಅದರಲ್ಲಿನ ಮಲ್ಲಿಗೆಯ ವಾಸನೆ, ಹೋಳಿಗೆ ತುಪ್ಪದ ಕಲೆ, ಮಗು ಜಗಿದ ಸೆರಗಿನ ತುದಿ, ಇವನ್ನೆಲ್ಲ ನೋಡುತ್ತ ಆ ಮನೆಯ ಸಂಭ್ರಮವನ್ನು ಊಹಿಸಿಕೊಳ್ಳುತ್ತಿದ್ದೆ. ಈಗ ಸೀರೆ ಎಂದರೆ ಇಷ್ಟು ಉದ್ದ, ಇಷ್ಟು ಸುಕ್ಕು, ಅಷ್ಟೇ. ಮನೆಗೆ ಬಂದರೆ ಕೂತಲ್ಲೇ ಕೂತಿರುತ್ತಿದ್ದೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗಿದರೆ, ಓಗೊಟ್ಟರೆ ಮಾತಾಡಬೇಕಾಗುತ್ತದೆ ಎಂದು ಸುಮ್ಮನಿರುತ್ತಿದ್ದೆ. ಹೀಗಿದ್ದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಇಸ್ತ್ರಿಮನೆಯ ಬಾಗಿಲು ತೆಗೆಯುತ್ತಿದ್ದವಳು ನಾನೇ.

ಅದಕ್ಕೆ ಕಾರಣ ಕೆಲಸವಲ್ಲ. ಆ ಕೆನ್ನೆಗಳು. ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು. ಚಳಿಗಾಲದಲ್ಲಿ ಅವರು ನನ್ನ ಎರಡೂ ಕೈಗಳನ್ನು ಎಳೆದು ತಮ್ಮ ಬೆನ್ನ ಮೇಲೆ ಇಟ್ಟುಕೊಂಡು, "ಇನ್ನು ಕಂಬಳಿ ಯಾರಿಗೆ ಬೇಕು" ಎನ್ನುತ್ತಿದ್ದರು. ಮಕ್ಕಳಿಲ್ಲ. ಅವರು ಹೋದ ಮೇಲೆ ನಾನು ಮುಟ್ಟುವ ಮನುಷ್ಯರೆಂದರೆ ಈ ಹೆಂಗಸರು ಮಾತ್ರ. ಬೆಳಗಿನ ಒಂದು ಗಳಿಗೆ, ಒಬ್ಬೊಬ್ಬಳೂ ಕಣ್ಣು ಮುಚ್ಚಿ ಕೆನ್ನೆ ಒಡ್ಡುತ್ತಾಳೆ. ನನ್ನ ಅಂಗೈ ಅಲ್ಲಿ ಇರುತ್ತದೆ. ಅದಾದ ಮೇಲೆ ದಿನವಿಡೀ ಬಟ್ಟೆ. ದೊಡ್ಡಕೈಯಾಗಿ ಇರುವವರೆಗೆ ನನಗೆ ಅಷ್ಟಾದರೂ ಇದೆ ಎಂದು ಯಾವತ್ತೂ ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆದರೆ ಅದು ನನಗೆ ಗೊತ್ತಿತ್ತು.

ಆ ಸಂಜೆ ಮನೆಯಲ್ಲಿ ಮೆಣಸಿನ ಸಾರು ಮಾಡಿ, ಒಂದು ಡಬ್ಬಿಯಲ್ಲಿ ತುಂಬಿಕೊಂಡು ತುಂಗಾಳ ಮನೆಗೆ ಹೋದೆ. ಒಂದೇ ವಾರದಲ್ಲಿ ಅವಳನ್ನು ಮತ್ತೆ ಮತ್ತೆ ಕಳಿಸಿದ್ದೆ. ಇಷ್ಟೊಂದು ಜ್ವರ ಒಳ್ಳೆಯದಲ್ಲ, ಬಸುರಿಯೇನಾದರೂ ಆಗಿದ್ದಾಳೋ ಎಂಬ ಯೋಚನೆಯೂ ಬಂದಿತ್ತು.

ತುಂಗಾ ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಕೂದಲೆಲ್ಲ ಬಿಚ್ಚಿ ಹರಡಿಕೊಂಡಿದ್ದಳು, ಸೀಗೆಪುಡಿಯ ವಾಸನೆ ಅಂಗಳಕ್ಕೆಲ್ಲ ಬಂದಿತ್ತು. ಅವಳ ಅತ್ತೆ ಹಿಂದೆ ಕೂತು ಸಿಕ್ಕು ಬಿಡಿಸುತ್ತಿದ್ದರು. ಇಬ್ಬರ ನಡುವೆ ಒಂದು ಮೊರದಲ್ಲಿ ಹುರಿಗಾಳು. ನನ್ನನ್ನು ಕಂಡು ತುಂಗಾ ಜಗಿಯುವುದನ್ನು ನಿಲ್ಲಿಸಿದಳು.

"ಎಣ್ಣೆನೀರು ಹಾಕ್ಕೊಂಡಿದೀಯೇನೇ? ಜ್ವರ ಇಟ್ಕೊಂಡು?"

"ಅದು... ಬಿಟ್ಟುಹೋಯ್ತು ಅಕ್ಕ. ಮನೆಗೆ ಬರೋ ಹೊತ್ತಿಗೇ ಬಿಟ್ಟುಹೋಯ್ತು."

"ದಾರಿಯಲ್ಲೇ?"

ಅವಳಿಗೆ ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. "ನೀವೇ ಹೇಳಿದ್ರಲ್ಲ ಅಕ್ಕ, ನಾನೇನು ಕೇಳಿದ್ನಾ? ದೊಡ್ಡಕೈ ಜ್ವರ ಇದೆ ಅಂದ್ಮೇಲೆ ಇದೆ. ಅತ್ತೆ ಮುಟ್ಟಿ ನೋಡಿ ಏನೂ ಇಲ್ವಲ್ಲೇ ಅಂದ್ರು. ನಾನು, ನಿಮಗೇನು ಗೊತ್ತು ಸುಮ್ನಿರಿ ಅಂದೆ."

"ನನ್ನ ಕೈಗೆ ಸುಟ್ಟಂಗಾಯ್ತು ಕಣೇ."

"ನನಗಂತೂ ಹಾಯನ್ನಿಸ್ತು" ಎಂದಳು ಅವಳು, ಇನ್ನೂ ನಗುತ್ತ. "ಈಚೆಗೆ ನಿಮ್ಮ ಕೈ ಕೆನ್ನೆಗೆ ತಾಕಿದ್ರೆ ಏನು ತಣ್ಣಗೆ ಅಂತೀರಾ, ಹೂಜಿ ಮುಟ್ಟಿದ ಹಾಗೆ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟಿರಲಿ ಅನ್ಸುತ್ತೆ."

ಅತ್ತೆಯ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ಅವರು ಸೊಸೆಯ ಬೆನ್ನಿಗೆ ಮೆಲ್ಲಗೆ ಒಂದು ತಿವಿದರು. ತುಂಗಾ ನನ್ನ ಮುಖ ನೋಡಿದಳು. ತಾನು ಏನು ಹೇಳಿದೆ ಎಂದು ಅವಳಿಗೆ ಆಗ ತಿಳಿಯಿತು.

"ಹಂಗಲ್ಲ ಅಕ್ಕ, ಬೆಳಿಗ್ಗೆ ಹೊತ್ತು ಎಲ್ಲರ ಕೈನೂ..."

"ಸಾರು ಇದೆ, ಬಿಸಿ ಮಾಡ್ಕೋ" ಎಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬಂದುಬಿಟ್ಟೆ.

ಕೈಯ ಕಾವು ಇಳಿಯುವುದಕ್ಕೆ ಕೈ ಆರುವುದು ಎನ್ನುತ್ತೇವೆ ನಾವು. ಇಸ್ತ್ರಿಮನೆಯಲ್ಲಿ ಆ ಮಾತನ್ನು ಜೋರಾಗಿ ಆಡುವುದಿಲ್ಲ. ನನಗಿಂತ ಹಿಂದೆ ದೊಡ್ಡಕೈಯಾಗಿದ್ದ ಗೌರತ್ತೆಯ ಕೈ ಆರಿತ್ತು. ಒಂದು ದಿನ ಹಲಗೆಯ ಮುಂದೆ ಕೂತು ಒಂದೇ ಸೀರೆಯನ್ನು ಸಂಜೆಯವರೆಗೂ ಉಜ್ಜುತ್ತಿದ್ದರು. ಅಮ್ಮಣ್ಣಿಯವರು ಬಂದು, "ಸಾಕು ಏಳಮ್ಮ" ಎಂದು ಎಬ್ಬಿಸಿ ಕಳಿಸಿದರು. ಮಾರನೆಯ ಬೆಳಿಗ್ಗೆ ಅವರ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಎಲ್ಲರೂ ಅದಕ್ಕೆ ವಯಸ್ಸು ಕಾರಣ ಎಂದರು. ಈಗ ನನಗೆ ಅವರ ಅಂದಿನ ವಯಸ್ಸೂ ಆಗಿಲ್ಲ. ದಾರಿಯಲ್ಲಿ ನನ್ನ ಎಡಗೈಯಿಂದ ಬಲಗೈಯನ್ನು ಮುಟ್ಟಿ ನೋಡಿಕೊಂಡೆ. ಎರಡೂ ಒಂದೇ ಥರ ಇದ್ದವು, ಆದ್ದರಿಂದ ಏನೂ ಗೊತ್ತಾಗಲಿಲ್ಲ.

ಮನೆಯ ಕಡೆ ತಿರುಗದೆ ಗೌರತ್ತೆಯ ಮನೆಗೆ ಹೋದೆ. ಅವರು ಕಾಫಿ ಕುಡಿಯುತ್ತಿದ್ದರು. ಒಲೆಯಿಂದ ಆಗ ತಾನೇ ಇಳಿಸಿದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. ಹೊಗೆಯಾಡುತ್ತಿತ್ತು.

"ಸುಡಲ್ವಾ ಅತ್ತೆ?"

"ಸುಟ್ರೆ ಒಳ್ಳೇದಾಗಿತ್ತು" ಎಂದರು. "ಕೂತ್ಕೋ. ಮದುವೆ ಕಾಲ, ನೀನು ಇತ್ಲಾಗೆ ಬಂದಿದೀಯ ಅಂದ್ರೆ ಏನೋ ಇದೆ."

ಹೇಗೆ ಕೇಳುವುದೆಂದು ತಿಳಿಯಲಿಲ್ಲ. ಅದೂ ಇದೂ ಮಾತಾಡಿ, "ಈ ಸಲ ಎಲ್ಲರಿಗೂ ಜ್ವರ ಅತ್ತೆ. ದಿನಾ ಒಬ್ಬೊಬ್ಬರನ್ನ ಕಳಿಸಿ ಸಾಕಾಗಿದೆ" ಎಂದೆ.

ಅವರು ಲೋಟವನ್ನು ಕೆಳಗಿಟ್ಟರು.

"ನನ್ನ ಕಾಲಕ್ಕೂ ಊರಿಗೆಲ್ಲ ಜ್ವರ ಬಂದಿತ್ತು" ಎಂದರು. "ಕೊನೇ ವರ್ಷ. ನಿನ್ನನ್ನೂ ಎಷ್ಟು ಸಲ ಮನೆಗೆ ಕಳಿಸಿದೀನಿ, ಮರೆತ್ಯಾ?"

ಮರೆತಿರಲಿಲ್ಲ. ಈಗ ನೆನಪಾಗಿದ್ದು ಬೇರೆ. ಆ ದಿನಗಳಲ್ಲಿ ಅವರ ಅಂಗೈ ನನ್ನ ಕೆನ್ನೆಗೆ ತಣ್ಣಗೆ ತಾಕಿ ಹಿತವಾಗುತ್ತಿದ್ದುದು, ರಜ ಸಿಕ್ಕಿತೆಂದು ನಾನು ಗಂಡನ ಜೊತೆ ಹೊಳೆಯ ಕಡೆಗೆ ತಿರುಗಾಡಲು ಹೋಗಿದ್ದು. ಅವರ ಕೈ ತಣ್ಣಗಿದೆ ಎಂದು ಅವರಿಗೆ ಹೇಳಬೇಕೆಂದು ಒಂದು ಗಳಿಗೆಯೂ ಹೊಳೆದಿರಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

"ಗೊತ್ತಾಗಿತ್ತು ಕಣೇ. ಸುಕ್ಕಿನ ಮೇಲೆ ಎರಡು ಸಲ ಕೈ ಎಳೆಯೋವಾಗ್ಲೇ ಗೊತ್ತಾಗಿತ್ತು. ಈ ಮದುವೆ ಒಂದು ಕಳೀಲಿ, ಆಮೇಲೆ ಕೂತ್ಕೊಳ್ಳೋಣ ಅಂದ್ಕೊಂಡೆ. ಅದು ಕಳೆಯೋ ಹೊತ್ತಿಗೆ ಇನ್ನೊಂದು ಬಂತು. ನಾನಿಲ್ದಿದ್ರೆ ಹೆಂಗೆ ಅಂತ." ಅವರು ತಮ್ಮ ಅಂಗೈಗಳನ್ನು ಬಿಚ್ಚಿ ನೋಡಿಕೊಂಡರು. "ಹೆಂಗೋ ಆಯ್ತು. ಮಾರನೇ ದಿನ ನೀನು ನಿಂತಿದ್ದೆ."

"ಬಿಟ್ಟು ಕೂತಿದ್ರೆ ವಾಪಸ್ ಬರ್ತಿತ್ತಾ?"

"ಹಿಂದಿನ ಬೀದಿ ಸುಬ್ಬಲಕ್ಷ್ಮಿಗೆ ಬಂತು. ತವರಿಗೆ ಹೋಗಿ ತಿಂಗಳುಗಟ್ಟಲೆ ಏನೂ ಮಾಡದೆ ಕೂತಿದ್ಲು. ಜನ ಏನೇನೋ ಆಡಿಕೊಂಡ್ರು. ಸೋಮಾರಿ ಅಂದ್ರು, ಗಂಡ ಬಿಟ್ಟ ಅಂದ್ರು. ಬಂದಾಗ ಅವಳ ಕೈ ಮೊದಲಿಗಿಂತ ಬಿಸಿ. ಪೂರ್ತಿ ಆರೋಕೆ ಮುಂಚೆ ಬಿಡ್ಬೇಕು. ಆರಿದ ಮೇಲೆ..." ಅವರು ಮತ್ತೆ ಲೋಟ ಹಿಡಿದರು. "ಬರೀ ಇಸ್ತ್ರಿ ಹೋಗೋದಾದ್ರೆ ಹೋಗ್ಲಿ ಅನ್ನಬಹುದಿತ್ತು. ಮೊನ್ನೆ ಮೊಮ್ಮಗಳು ಬಂದಿದ್ಲು. ಕೆನ್ನೆ ಹಿಡಕೊಂಡೆ. ಮರದ ತುಂಡು ಹಿಡಿದ ಹಾಗಿತ್ತು. ಮಗು ನಗ್ತಾ ಇತ್ತು, ಅದು ಕಾಣುತ್ತೆ. ಕೈಗೆ ಏನೂ ಬರಲಿಲ್ಲ."

ಹೊರಡುವಾಗ ಅವರು ನನ್ನ ಕೈ ಹಿಡಿದುಕೊಳ್ಳಲು ಬಂದರು. ಆಮೇಲೆ ಅದರಿಂದ ಪ್ರಯೋಜನವಿಲ್ಲ ಎನ್ನುವಂತೆ ಬಿಟ್ಟರು. ಇಬ್ಬರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರ ಕೆನ್ನೆಯನ್ನೂ ಮುಟ್ಟಿದೆ. ಎಲ್ಲವೂ ಸುಡುತ್ತಿದ್ದವು. ಒಬ್ಬೊಬ್ಬರಿಗೂ "ಸರಿ ಇದೆ, ಹೋಗು" ಎಂದೆ. ಇವರಲ್ಲಿ ಯಾರಿಗಾದರೂ ನಿಜವಾಗಿಯೂ ಜ್ವರವಿದ್ದರೆ ನನಗೆ ತಿಳಿಯುವಂತೆಯೇ ಇರಲಿಲ್ಲ. ತುಂಗಾ ತಲೆಯೆತ್ತದೆ ಬಂದು ತಲೆಯೆತ್ತದೆ ಹೋದಳು. ಶೇಷಮ್ಮ ಕೊನೆಯವಳು. ಅವಳ ಕೆನ್ನೆಯ ಮೇಲಿಂದ ಕೈ ತೆಗೆಯದೆ, ಮೆಲ್ಲಗೆ ಕೇಳಿದೆ.

"ನಿನಗೆ ಗೊತ್ತಿತ್ತಾ?"

ಅವಳು ಏನು ಎಂದು ಕೇಳಲಿಲ್ಲ. "ಹ್ಞೂಂ" ಎಂದಳು.

"ಯಾಕೆ ಹೇಳ್ಲಿಲ್ಲ?"

"ಯಾರು ಹೇಳ್ತಾರೆ ವಾರಿಜ? ಮಗಳ ಮನೆಗೆ ಹೋಗಿ ವರ್ಷ ಆಗಿತ್ತು. ನೀನು ಜ್ವರ ಅಂದೆ, ಹೋಗಿಬಂದೆ. ಮೊಣಕಾಲಿಗೆ ಔಷಧಿ ತಂದುಕೊಂಡೆ. ನಾವೆಲ್ಲ ನಿನ್ನ ಕೈಯಿಂದಲೇ ಒಂದಿಷ್ಟು ಸುಧಾರಿಸಿಕೊಂಡ್ವಿ." ಅವಳ ಕಣ್ಣು ನೆಲದ ಕಡೆಗಿತ್ತು. "ನೀನು ಅಷ್ಟೊಂದು ಗಂಟು ಎಳಕೊಂಡು ಕೂತಿರೋದು ನೋಡಿ, ಇವಳಿಗೆ ಅದೇ ಬೇಕೇನೋ ಅಂತನೂ ಅನ್ನಿಸ್ತಿತ್ತು. ಮನೇಲಿ ಯಾರಿದಾರೆ ಇವಳಿಗೆ ಅಂತ."

ನಾನು ಕೈ ತೆಗೆದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಛತ್ರದ ಗಾಡಿ ಬಂತು.

ಆ ದಿನ ನಾನು ನನ್ನ ಪಾಲಿನದನ್ನು ಮಾತ್ರ ಮಾಡಿದೆ. ಅದಕ್ಕೇ ಸಂಜೆಯಾಯಿತು. ಪ್ರತಿ ಸುಕ್ಕಿನ ಮೇಲೂ ಎರಡು ಸಲ, ಮೂರು ಸಲ. ಬೇರೆಯವರ ಹಲಗೆಗಳಿಂದ ಬೆಚ್ಚನೆಯ ಹತ್ತಿಯ ವಾಸನೆ ಏಳುತ್ತಿತ್ತು, ನನ್ನದರಿಂದ ಒದ್ದೆ ಬಟ್ಟೆಯ ವಾಸನೆ. ಇಷ್ಟು ದಿನ ಅದು ಮೂಗಿಗೆ ಬಡಿಯದೇ ಹೇಗಿತ್ತೋ. ನಡುವೆ ಒಂದು ಹಸುಗೂಸಿನ ಅಂಗಿ ಬಂತು, ಅಂಗೈಯಗಲ. ಅದನ್ನು ಹಿಡಿದುಕೊಂಡು ಸುಮ್ಮನೆ ಕೂತೆ. ಅದು ಮೃದುವಾಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಅಷ್ಟೇ. ಕೈಗೆ ಅದರ ಸುದ್ದಿ ಅರ್ಧ ಮಾತ್ರ ತಲುಪುತ್ತಿತ್ತು. ಆ ಅರ್ಧ ಇನ್ನೂ ಇದೆಯಲ್ಲ ಎಂದುಕೊಂಡೆ. ಯಾರಾದರೂ ನೋಡಿಯಾರೆಂದು ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟೆ.

ಹೊರಡುವ ಹೊತ್ತಿಗೆ ಅಮ್ಮಣ್ಣಿಯವರು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಜಗಲಿಯ ತುಂಬ ಹೊಸ ಗಂಟುಗಳು, ಒಂದರ ಮೇಲೊಂದು.

"ದೊಡ್ಡ ಮನೆಯವರ ಮದುವೆ ಕಣೇ. ಎರಡು ಕಡೆಯವರದೂ ನಮಗೇ ಬಂದಿದೆ. ಧಾರೆಸೀರೆ ನೀನೇ ಮಾಡ್ಬೇಕು ಅಂತ ಹೇಳಿ ಕಳಿಸಿದಾರೆ, ಬೇರೆಯವರ ಕೈ ತಾಕಬಾರದಂತೆ. ನಿನ್ನ ಕೈಗುಣ ಅಂಥದ್ದು. ನಾಳೆ ಬೆಳಕು ಹರಿಯೋ ಮುಂಚೆ ಬಂದುಬಿಡು. ಇದೊಂದು ಕಳೆದುಬಿಟ್ರೆ ಆಮೇಲೆ ಸ್ವಲ್ಪ ಸುಧಾರಿಸ್ಕೋಬಹುದು."

"ಆಗಲಿ ಅಮ್ಮಣ್ಣಿ" ಎಂದೆ. ಎಷ್ಟೋ ವರ್ಷಗಳಿಂದ ನನ್ನ ಬಾಯಿ ಆ ಮಾತನ್ನು ನನ್ನನ್ನು ಕೇಳದೆಯೇ ಹೇಳುತ್ತ ಬಂದಿದೆ.

ಬೀದಿಗೆ ಇಳಿದೆ. ನಿಜ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಅಮ್ಮಣ್ಣಿಯವರು ಕೆಟ್ಟವರಲ್ಲ; "ಸಾಕು ಏಳಮ್ಮ" ಎಂದು ಮರ್ಯಾದೆಯಿಂದಲೇ ಎಬ್ಬಿಸುತ್ತಾರೆ. ನಾಳೆ ಹೊಸ್ತಿಲ ಒಳಗೆ ಶೇಷಮ್ಮ ನಿಂತಿರುತ್ತಾಳೆ. ಆ ಕೆನ್ನೆಗಳೆಲ್ಲ ಅವಳಿಗೆ. ಹೇಳದೆ ಹೋದರೆ ನಾಳೆಯೂ ನಾಡಿದ್ದೂ ನಾನೇ ನಿಲ್ಲಬಹುದು, ಎಲ್ಲರಿಗೂ ಸರಿ ಇದೆ ಎನ್ನುತ್ತ, ಒಂದು ದಿನ ಯಾವುದೋ ಕೆನ್ನೆ ಮರದ ತುಂಡಿನಂತೆ ತಾಕುವವರೆಗೆ. ಯಾವ ಕೆನ್ನೆಗಳನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದ್ದೆನೋ, ಆಗ ಅವು ಎದುರಿಗೇ ಇದ್ದೂ ನನಗೆ ಸಿಗುವುದಿಲ್ಲ. ಮೂಲೆಯ ಹೂವಿನವಳ ಅಂಗಡಿ ದಾಟುವಾಗ ನನ್ನ ನಡಿಗೆ ತಾನಾಗಿ ನಿಧಾನವಾಯಿತು. ನಾಳೆ ಹೋಗುವುದಿಲ್ಲ. ನಾಡಿದ್ದೂ ಇಲ್ಲ. ಆ ಮದುವೆ ನಾನಿಲ್ಲದೆ ಆಗುತ್ತದೆ, ಅದರ ಮುಂದಿನದೂ ಆಗುತ್ತದೆ. ಬಾಗಿಲು ತಟ್ಟಿ ಕೇಳಲು ಬಂದವರಿಗೆ ಜ್ವರ ಎನ್ನುತ್ತೇನೆ. ಊರಿಗೆಲ್ಲ ಹಂಚಿದ್ದೇನೆ, ನನಗೂ ಒಂದು ಇರಲಿ. ನನ್ನ ಜಾಗ ಉಳಿಯುತ್ತದೋ ಹೋಗುತ್ತದೋ, ಅದು ಆಮೇಲಿನ ಮಾತು.

ಹಿಂದಿನಿಂದ ಯಾರೋ ಓಡಿ ಬರುವ ಸದ್ದಾಯಿತು. ತುಂಗಾ. ನನ್ನ ಖಾಲಿ ಡಬ್ಬಿಯನ್ನು ಕೈಗಿತ್ತು, ಏದುಸಿರು ಬಿಡುತ್ತ ಜೊತೆಗೆ ಹೆಜ್ಜೆ ಹಾಕಿದಳು. ಬೈಸಿಕೊಳ್ಳಲು ಸಿದ್ಧಳಾಗಿ ಬಂದಂತಿದ್ದಳು. ಸಾರು ಚೆನ್ನಾಗಿತ್ತು, ಅತ್ತೆ ಎರಡು ಸಲ ಹಾಕಿಸಿಕೊಂಡರು ಎಂದಳು. ನಾನು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆಯುತ್ತಲೇ ಇದ್ದೆ.

"ಏನಕ್ಕ ಯೋಚನೆ?"

"ಏನಿಲ್ಲ" ಎಂದೆ. "ಬೆಳಿಗ್ಗೆ ತಿಂಡಿಗೆ ಏನು ಮಾಡ್ಲಿ ಅಂತ."

"ಬೆಳಕು ಹರಿಯೋ ಮುಂಚೆ ಬರಬೇಕಂತಲ್ಲ, ಅಷ್ಟು ಹೊತ್ತಿಗೆ ಯಾವ ತಿಂಡಿ? ಅವಲಕ್ಕಿ ನೆನೆಸಿ ತಿಂದು ಬನ್ನಿ, ಬೇಗ ಆಗುತ್ತೆ."

ಅವಳ ಬೀದಿ ಬಂತು. ನಾಳೆ ಸಿಗೋಣ ಎನ್ನುವಂತೆ ಕೈಯೆತ್ತಿ ತಿರುಗಿಕೊಂಡಳು. ನಾನು ಮುಂದೆ ನಡೆದು, ದಿನಸಿ ಅಂಗಡಿಯಲ್ಲಿ ನಿಂತು, ನೆನೆಸಿ ರುಬ್ಬಿ ಹುದುಗು ಬರುವವರೆಗೆ ಕಾಯಬೇಕಾದ ಉದ್ದಿನಬೇಳೆ ಕೊಂಡೆ.